ಎಂಟು ಎಲ್ಲಿ ಹೋಯಿತು?

ಸಂಜೆ ಐದರ ಮೇಲೆ ನಮ್ಮ ಮನೆಗೂ ಪಕ್ಕದ ಅಕ್ಕನ ಮನೆಗೂ ನಡುವಿನ ಮೋಟುಗೋಡೆಯೇ ನಮ್ಮ ಹರಟೆಕಟ್ಟೆ. ಆ ಕಡೆ ಅಕ್ಕ ಕುರ್ಚಿ ಹಾಕಿಕೊಂಡು, ಮಡಿಲಲ್ಲಿ ಕನಕಾಂಬರ, ಮರುಗ, ನೆನೆಹಾಕಿದ ಬಾಳೆನಾರು ಇಟ್ಟುಕೊಂಡು ಹೂ ಕಟ್ಟುತ್ತಾರೆ. ಈ ಕಡೆ ನಾನು ದಾಸವಾಳದ ಗಿಡಕ್ಕೆ ನೀರು ಹಾಕುತ್ತ ನಿಂತಿರುತ್ತೇನೆ. ನಿನ್ನೆ ಅವರ ಮೊಮ್ಮಗಳು, ಐದನೇ ಕ್ಲಾಸಿನ ಪುಟ್ಟಿ, ಅಪ್ಪನ ಕ್ಯಾಲ್ಕುಲೇಟರ್ ಹಿಡಿದು ಬಂದು ಗೋಡೆಯ ಮೇಲೆ ಮೊಣಕೈ ಊರಿದಳು. ಮಗ್ಗಿ ಬರೆದು ಬರೆದು ಬೇಜಾರಾಗಿದೆಯಂತೆ.

"ಒಂದರಿಂದ ಒಂಬತ್ತರೊಳಗೆ ನಿಂಗೆ ತುಂಬ ಇಷ್ಟವಾದ ಅಂಕಿ ಯಾವುದು ಹೇಳು" ಅಂದೆ.

"ಏಳು."

"ಒಂಬತ್ತೇಳ್ಲ ಎಷ್ಟು?"

"ಅರವತ್ಮೂರು."

"ಅದು ನೆನಪಿರಲಿ. ಈಗ ನಾನು ಹೇಳೋದನ್ನ ಒತ್ತು. ಒಂದು, ಎರಡು, ಮೂರು, ನಾಲ್ಕು, ಐದು, ಆರು, ಏಳು, ಒಂಬತ್ತು."

"ಚಿಕ್ಕಜ್ಜೀ, ಎಂಟು ಬಿಟ್ಟುಬಿಟ್ರಿ!"

"ಇಲ್ಲ ಮಗಾ, ಅದು ಹಾಗೇ. ಅರವತ್ಮೂರರಿಂದ ಗುಣಿಸು."

ಗುಣಿಸಿದಳು. ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಗಾಜಿನ ಮೇಲೆ ಬೆರಳಿಟ್ಟು ಎಣಿಸಿದಳು. ಸಾಲಾಗಿ ಒಂಬತ್ತು ಏಳು. 777777777. ಐದು ಬೇಕೆಂದರೆ ಒಂಬತ್ತೈದ್ಲ ನಲವತ್ತೈದು, ಆ ನಲವತ್ತೈದರಿಂದ ಗುಣಿಸು ಅಂದೆ. ಒಂಬತ್ತು ಐದು ಬಂದವು. ಮೂರಕ್ಕೂ ಮಾಡಿದಳು, ಒಂಬತ್ತಕ್ಕೂ ಮಾಡಿದಳು. ಆಮೇಲೆ ಕ್ಯಾಲ್ಕುಲೇಟರ್ ಕೆಳಗಿಟ್ಟು ಮತ್ತೆ ಅದನ್ನೇ ಕೇಳಿದಳು: "ಸರಿ, ಆದ್ರೆ ಎಂಟು ಎಲ್ಲಿ ಹೋಯ್ತು?"

ಅಕ್ಕನ ಕೈ ನಾರಿನಲ್ಲಿ ನಿಂತಿತು. "ಅದ್ಯಾವ ಲೆಕ್ಕ ಕಣೇ, ನಂಗೂ ಹೇಳು" ಅಂದರು.

ನಾನು ಮೂವತ್ತೊಂದು ವರ್ಷ ಒಂದು ಸಹಕಾರ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವಳು. ಅಂಕಿಗಳ ಜೊತೆ ಊಟ, ಅಂಕಿಗಳ ಜೊತೆ ನಿದ್ದೆ. ಕಂಡ ಸಂಖ್ಯೆಗಳಲ್ಲಿ ಇಷ್ಟು ಪ್ರೀತಿ ಹುಟ್ಟಿಸಿದ್ದು ಇನ್ನೊಂದಿಲ್ಲ. 1,23,45,679. ಒಂದು ಕೋಟಿ ಇಪ್ಪತ್ಮೂರು ಲಕ್ಷದ ನಲವತ್ತೈದು ಸಾವಿರದ ಆರುನೂರ ಎಪ್ಪತ್ತೊಂಬತ್ತು. ಬಾಯಲ್ಲಿ ಹೇಳಿದರೆ ಯಾರದೋ ಜಮೀನಿನ ಬೆಲೆಯಂತೆ ಕೇಳಿಸುತ್ತದೆ. ಬರೀ ಒಂಬತ್ತರಿಂದ ಗುಣಿಸಿ ನೋಡಿ, 11,11,11,111 ಆಗುತ್ತದೆ. ಹನ್ನೊಂದು ಕೋಟಿ, ಹನ್ನೊಂದು ಲಕ್ಷದ, ಹನ್ನೊಂದು ಸಾವಿರದ, ನೂರ ಹನ್ನೊಂದು. ನಮ್ಮ ಕೋಟಿ ಲಕ್ಷಗಳ ಎಣಿಕೆಯಲ್ಲಿ ಹೇಳಿದಾಗಲೇ ಆ ಸಂಖ್ಯೆಗೆ ಈ ತಾಳ ಬರುವುದು. ಅಕ್ಕನೂ ಒಂದು ಸಲ ಹೇಳಿ ನೋಡಿದರು, ಹಸೆಗೆ ಕರೆಯುವ ಹಾಡಿನ ಹಾಗಿದೆ ಅಂದರು.

ಪುಟ್ಟಿಯ ಪ್ರಶ್ನೆಗೆ ಮೊದಲು ಒಂದು ಪರೀಕ್ಷೆ ಮಾಡಿಸಿದೆ. ಬಿಟ್ಟುಹೋಗಿದೆ ಅನ್ನಿಸುವ ಎಂಟನ್ನು ಅದರ ಜಾಗದಲ್ಲಿ ಇಟ್ಟು 12,34,56,789 ಮಾಡು, ಒಂಬತ್ತರಿಂದ ಗುಣಿಸು. 1111111101 ಬಂತು. ಎಲ್ಲ ಒಂದುಗಳ ನಡುವೆ, ಕೊನೆಗೆ ಒಂದು ಹೆಜ್ಜೆ ಮೊದಲು, ಒಂದು ಸೊನ್ನೆ. ಹಲ್ಲು ಬಿದ್ದ ಹಾಗೆ. "ಎಂಟು ಇಟ್ರೇ ಹಾಳಾಯ್ತು!" ಅಂದಳು ಪುಟ್ಟಿ.

ಕ್ಯಾಲ್ಕುಲೇಟರ್ ಉತ್ತರ ಮಾತ್ರ ಹೇಳುತ್ತದೆ, ಉತ್ತರ ಹೇಗೆ ಬಂತೆಂದು ಹೇಳುವುದಿಲ್ಲ. ಅದಕ್ಕೆ ಗೋಡೆಯ ಮೇಲೆಯೇ ಇದ್ದಿಲ ಚೂರಿನಿಂದ ಬರೆದೆ. ಅಂಕಿಗಳನ್ನು ದೂರ ದೂರ ಬರೆದು, ದಶಕಗಳಿಗೆ ಮೇಲೆ ಜಾಗ ಬಿಟ್ಟೆ. ಬಲಗಡೆಯಿಂದ ಶುರು. ಒಂಬತ್ತೊಂಬತ್ಲ ಎಂಬತ್ತೊಂದು, ಒಂದು ಬರಿ, ದಶಕ ಎಂಟು. ಒಂಬತ್ತೇಳ್ಲ ಅರವತ್ಮೂರು, ಎಂಟು ಸೇರಿದರೆ ಎಪ್ಪತ್ತೊಂದು. ಒಂದು ಬರಿ, ದಶಕ ಏಳು. ಒಂಬತ್ತಾರ್ಲ ಐವತ್ನಾಲ್ಕು, ಏಳು ಸೇರಿ ಅರವತ್ತೊಂದು; ಒಂದು ಬರಿ, ದಶಕ ಆರು. ಇಲ್ಲಿಂದ ಮುಂದೆ ಪುಟ್ಟಿಯೇ ಹೇಳುತ್ತ ಹೋದಳು. ಐವತ್ತೊಂದು, ನಲವತ್ತೊಂದು, ಮೂವತ್ತೊಂದು, ಇಪ್ಪತ್ತೊಂದು, ಕೊನೆಗೆ ಹನ್ನೊಂದು. ಎಲ್ಲೂ ಬಿಡಿಸ್ಥಾನದಲ್ಲಿ ಒಂದೇ ಉಳಿಯುತ್ತದೆ.

"ಈಗ ಮೇಲೆ ಬರೆದ ದಶಕಗಳನ್ನ ಎಡದಿಂದ ಓದು."

ಓದಿದಳು. ಒಂದು, ಎರಡು, ಮೂರು, ನಾಲ್ಕು, ಐದು, ಆರು, ಏಳು, ಎಂಟು.

ಓದಿ ಮುಗಿಸಿದವಳು ಆ ಎಂಟರ ಮೇಲೆಯೇ ಬೆರಳು ಇಟ್ಟುಕೊಂಡು ನಿಂತಳು. ಕೆಳಸಾಲಿನಲ್ಲಿ ಕಾಣದ ಎಂಟು ಮೇಲಿನ ಸಾಲಿನಲ್ಲಿ ಕೂತಿತ್ತು. ಒಂಬತ್ತು ಗುಣಿಸಿದ ಕೂಡಲೇ ಹುಟ್ಟುವ ಮೊದಲ ದಶಕವೇ ಅದು. ಏಳರ ಹೆಗಲ ಮೇಲೆ ಕೂತು ಅರವತ್ಮೂರನ್ನು ಎಪ್ಪತ್ತೊಂದು ಮಾಡುವುದೂ ಅದೇ. ಕೆಳಸಾಲಿನಲ್ಲಿ ಇನ್ನೊಂದು ಎಂಟು ಇದ್ದಿದ್ದರೆ ಒಂಬತ್ತೆಂಟ್ಲ ಎಪ್ಪತ್ತೆರಡಕ್ಕೆ ದಶಕದ ಎಂಟು ಸೇರಿ ಎಂಬತ್ತಾಗುತ್ತಿತ್ತು, ಬಿಡಿಸ್ಥಾನದಲ್ಲಿ ಸೊನ್ನೆ ಬೀಳುತ್ತಿತ್ತು. ಆ ಬಿದ್ದ ಹಲ್ಲು ಅದೇ.

ಅಕ್ಕ ಹೂವು ಬಿಟ್ಟು ಗೋಡೆಯ ಹತ್ತಿರವೇ ಬಂದರು. "ಇದನ್ನೆಲ್ಲ ಯಾರು ಕಂಡುಹಿಡಿದರೇ?" ಅಂದರು. ನನಗೆ ಹೇಳಬೇಕಾಗಿದ್ದೂ ಅದೇ.

ಸಾವಿರದ ಇನ್ನೂರು ವರ್ಷಕ್ಕೆ ಹತ್ತಿರವಾಯಿತು, ಈ ಗುಣಾಕಾರವನ್ನು ನಮ್ಮ ನಾಡಿನವರೇ ಪುಸ್ತಕದಲ್ಲಿ ಬರೆದಿಟ್ಟು. ಮಹಾವೀರಾಚಾರ್ಯರು. ಗ್ರಂಥದ ಹೆಸರು 'ಗಣಿತಸಾರಸಂಗ್ರಹ', ಭಾಷೆ ಸಂಸ್ಕೃತ, ಕಾಲ ಸುಮಾರು ಕ್ರಿ.ಶ. 850, ಆಳುತ್ತಿದ್ದವನು ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ. 'ಕವಿರಾಜಮಾರ್ಗ' ಅಂದ ಕೂಡಲೇ ಮಕ್ಕಳಿಗೂ ನೃಪತುಂಗ ನೆನಪಾಗುತ್ತಾನೆ. ಅದೇ ರಾಜನನ್ನು ಹೊಗಳುತ್ತ ಶುರುವಾಗುವ ಗಣಿತದ ಪುಸ್ತಕವೊಂದಿದೆ ಎಂಬುದು ನನಗೆ ಗೊತ್ತಾದದ್ದು ನಲವತ್ತು ದಾಟಿದ ಮೇಲೆ. ಶಾಲೆಯಲ್ಲಿ ಯಾರೂ ಹೇಳಲಿಲ್ಲ. ಪಾಠದ ಪುಸ್ತಕದಲ್ಲಿ 'ಕವಿರಾಜಮಾರ್ಗ'ದ ಪಕ್ಕದಲ್ಲೇ ಇದರ ಹೆಸರೂ ಇದ್ದಿದ್ದರೆ ಲೆಕ್ಕಕ್ಕೆ ಹೆದರುವ ಎಷ್ಟೋ ಮಕ್ಕಳು ಲೆಕ್ಕವನ್ನು ನಮ್ಮದು ಅಂದುಕೊಳ್ಳುತ್ತಿದ್ದರು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ.

ಒಂಬತ್ತು ಅಧ್ಯಾಯ, ಸಾವಿರದ ನೂರಕ್ಕೂ ಹೆಚ್ಚು ಶ್ಲೋಕ. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಅಚ್ಚು ಹಾಕಿಸಿದ ಮೇಲೆ ಹೊರಗಿನ ಜಗತ್ತಿಗೂ ತಿಳಿಯಿತು. ಗಣಿತ ಎಲ್ಲೆಲ್ಲಿ ಬೇಕು ಎಂದು ಮೊದಲ ಅಧ್ಯಾಯದಲ್ಲೇ ಹೇಳುತ್ತಾರೆ: ಸಂಗೀತಕ್ಕೆ, ವೈದ್ಯಕ್ಕೆ, ವಾಸ್ತುವಿಗೆ, ಛಂದಸ್ಸಿಗೆ, ಅಡಿಗೆಗೂ ಬೇಕು. "ಅಡಿಗೆಗೂ ಅಂದ್ರಾ?" ಎಂದು ಅಕ್ಕ ಕೇಳಿದರು. ಅಂದಿದ್ದಾರೆ. ಬಿಸಿಬೇಳೆಭಾತಿಗೆ ಅಕ್ಕಿಗೆ ಬೇಳೆ ಎಷ್ಟು, ನೀರೆಷ್ಟು ಎಂದು ಕಣ್ಣಳತೆಯಲ್ಲಿ ಹೇಳುವ ಅಕ್ಕನಿಗೆ ಆ ಮಾತು ಬಹಳ ಹಿಡಿಸಿತು.

ಸ್ಥಾನಗಳ ಹೆಸರೂ ಅಲ್ಲಿವೆ. ಏಕ, ದಶ, ಶತದಿಂದ ಹಿಡಿದು ಮಹಾಕ್ಷೋಭದ ತನಕ ಇಪ್ಪತ್ನಾಲ್ಕು ಸ್ಥಾನ. ನಮ್ಮ ಒಂಬತ್ತು ಒಂದುಗಳ ಸಾಲು ಏಕದಿಂದ ಹೊರಟು ದಶಕೋಟಿಯಲ್ಲಿ ನಿಲ್ಲುತ್ತದೆ.

ನನ್ನ ಮನಸ್ಸು ನಿಲ್ಲುವುದು ಎರಡನೇ ಅಧ್ಯಾಯದ ಗುಣಾಕಾರದ ಲೆಕ್ಕಗಳಲ್ಲಿ. ಗುಣಿಸುವುದನ್ನು ಕಲಿಸಿ ಸುಮ್ಮನಾಗದೆ, ಉತ್ತರವೇ ಒಂದು ಒಡವೆಯಾಗುವಂಥ ಲೆಕ್ಕಗಳನ್ನು ಮಹಾವೀರಾಚಾರ್ಯರು ಆರಿಸಿ ಕೊಡುತ್ತಾರೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಉತ್ತರಗಳು. ಅವನ್ನು ಕೊರಳ ಹಾರ ಎಂದೇ ಕರೆಯುತ್ತಾರೆ, ಕಂಠಿಕೆ, ಕಂಠಾಭರಣ. 12345679ನ್ನು 9ರಿಂದ ಗುಣಿಸಿದರೆ ಬರುವುದು ಅಂಥದೊಂದು ಹಾರ. 142857143ನ್ನು 7ರಿಂದ ಗುಣಿಸಿದರೆ 1000000001: ಎರಡು ತುದಿಗೆ ಎರಡು ಮಣಿ, ನಡುವೆ ಬರೀ ದಾರ. 27994681ನ್ನು 441ರಿಂದ ಗುಣಿಸಿದರೆ 12345654321: ನಡುವೆ ದೊಡ್ಡ ಪದಕ, ಅತ್ತಿತ್ತ ಇಳಿಯುತ್ತ ಬರುವ ಗುಂಡು.

ಅಕ್ಕನಿಗೆ ತೋರಿಸಿದ್ದು ಇನ್ನೊಂದನ್ನು. 333333666667ನ್ನು 33ರಿಂದ ಗುಣಿಸಿದರೆ 11000011000011. ಗೋಡೆಯ ಮೇಲೆ ಬರೆದೆ. ಅಕ್ಕ ಅದನ್ನು ಅಂಕಿಯಾಗಿ ಓದಲೇ ಇಲ್ಲ. "ಎರಡು ಕನಕಾಂಬರ, ನಾಲ್ಕು ಮರುಗ, ಎರಡು ಕನಕಾಂಬರ, ನಾಲ್ಕು ಮರುಗ, ಎರಡು ಕನಕಾಂಬರ" ಅಂದರು. ಆಗಲೇ ಮಡಿಲಿನಿಂದ ಹೂ ಎತ್ತಿಕೊಂಡು ಹಾಗೇ ಕಟ್ಟತೊಡಗಿದರು.

ಒಂದು ಸಲ ನಾನು ಮಳಖೇಡಕ್ಕೆ ಹೋಗಿದ್ದೆ, ಕಲಬುರಗಿ ಜಿಲ್ಲೆ, ಸೇಡಂ ತಾಲ್ಲೂಕು. ಅದೇ ಅಂದಿನ ಮಾನ್ಯಖೇಟ, ಅಮೋಘವರ್ಷನ ರಾಜಧಾನಿ. ಕಾಗಿಣಾ ನದಿಯ ದಡ, ಕೋಟೆಯ ಗೋಡೆ, ಒಂದು ಹಳೆಯ ಬಸದಿ. ಕೋಟೆಯ ನೆರಳಲ್ಲಿ ಕೂತು ಕೈಚೀಲದಲ್ಲಿದ್ದ ಬಸ್ ಟಿಕೆಟಿನ ಹಿಂದೆ ಈ ಗುಣಾಕಾರವನ್ನೇ ಮಾಡಿದೆ. ಅಲ್ಲಿ ಕೂತಾಗ ಒಂದು ಸಂಗತಿ ಹೊಳೆಯಿತು. ಒಂಬತ್ತರಿಂದ ಗುಣಿಸಿದರೆ ಹಾರವಾಗುವ ಸಂಖ್ಯೆಯನ್ನು ಯಾರೂ ಸುಮ್ಮನೆ ಹುಡುಕಿ ಪಡೆಯಲಾರರು. ಮೊದಲು ಹಾರ ಮನಸ್ಸಿಗೆ ಬರಬೇಕು. ಒಂಬತ್ತು ಒಂದುಗಳನ್ನು ಬರೆದುಕೊಂಡು ಅದನ್ನು ಒಂಬತ್ತರಿಂದ ಭಾಗಿಸಿದರೆ ಶೇಷವಿಲ್ಲದೆ 12345679 ಕೈಗೆ ಬರುತ್ತದೆ. ಮಹಾವೀರಾಚಾರ್ಯರೂ ಹೀಗೆ ಹಿಂದಿನಿಂದ ಬಂದಿರಬೇಕು ಎಂದು ನನ್ನ ಊಹೆ. ಮೊದಲು ಮಾಲೆ ಕಟ್ಟಿ, ಆಮೇಲೆ ಅದನ್ನು ಬಿಚ್ಚಿ ಮಕ್ಕಳ ಕೈಗೆ ಬಿಡಿ ಹೂ ಕೊಟ್ಟವರು.

ಈ ಸಂಖ್ಯೆಯನ್ನು ಇನ್ನೂ ಒಳಗೆ ಬಿಚ್ಚಬಹುದು. 12345679 ಅಂದರೆ 37ನ್ನು 333667ರಿಂದ ಗುಣಿಸಿದ್ದು. ಎರಡೂ ಅವಿಭಾಜ್ಯ, ಅಲ್ಲಿಂದ ಮುಂದೆ ಒಡೆಯುವುದಿಲ್ಲ. ನಾವು ಒಂಬತ್ತರಿಂದ ಗುಣಿಸುವಾಗ ಆ ಒಂಬತ್ತು ಎರಡು ಮೂರುಗಳಾಗಿ ಇಬ್ಬರಿಗೂ ಒಂದೊಂದು ಹಂಚಿಹೋಗುತ್ತದೆ. ಮೂರು ಮೂವತ್ತೇಳು 111. ಮೂರು 333667 ಸೇರಿದರೆ 1001001. ಇವೆರಡನ್ನೂ ಗುಣಿಸಿದರೆ 111ನ್ನೇ ಮೂರು ಕಡೆ ಕೂರಿಸಿದ ಹಾಗೆ, 111 111 111. ಅಕ್ಕ ಮೂರು ಮೂರು ಹೂ ಸೇರಿಸಿ ಒಂದೊಂದು ಗಂಟು ಹಾಕುತ್ತಾರಲ್ಲ, ಅದೇ ಕಟ್ಟು.

ಮೂವತ್ತೇಳು ಎಂದಾಗ ಪುಟ್ಟಿಗೆ ಒಂದು ಕೆಲಸ ಕೊಟ್ಟೆ. ಸಂಖ್ಯೆಯ ಅಂಕಿಗಳನ್ನೆಲ್ಲ ಕೂಡಿಸು. ಒಂದರಿಂದ ಒಂಬತ್ತರವರೆಗೆ ಕೂಡಿದರೆ ನಲವತ್ತೈದು ಎಂದು ಅವಳಿಗೆ ಗೊತ್ತು. ಎಂಟಿಲ್ಲ, ಅದಕ್ಕೆ ಮೂವತ್ತೇಳು! ತನ್ನ ಅಂಕಿಗಳ ಮೊತ್ತದಿಂದ ತಾನೇ ಶೇಷವಿಲ್ಲದೆ ಭಾಗವಾಗುವ ಸಂಖ್ಯೆಗೆ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ ಇಟ್ಟ ಹೆಸರು ಹರ್ಷದ, ಹರ್ಷ ಕೊಡುವಂಥದು. 1905ರಲ್ಲಿ ಹುಟ್ಟಿ 1986ರಲ್ಲಿ ತೀರಿಕೊಂಡ ಕಾಪ್ರೇಕರ್ ನಾಸಿಕದ ಹತ್ತಿರದ ದೇವಳಾಲಿಯಲ್ಲಿ ಶಾಲಾ ಮಾಸ್ತರರಾಗಿದ್ದವರು. ಸಂಬಳಕ್ಕೆ ಪಾಠ, ಸಂತೋಷಕ್ಕೆ ಸಂಖ್ಯೆ. ಹದಿನೆಂಟು ಹರ್ಷದ, ಅಂಕಿಗಳ ಮೊತ್ತ ಒಂಬತ್ತು, ಎರಡು ಸಲ ಹೋಗುತ್ತದೆ. ನಮ್ಮ 12345679 ಕೂಡ ಹರ್ಷದ. ಎಂಟು ಸೇರಿಸಿದ 123456789 ಅಲ್ಲ; ಅದರ ಮೊತ್ತ 45, ಕೊನೆಯ ಅಂಕಿ ಒಂಬತ್ತಾದ್ದರಿಂದ ಐದರಿಂದಲೇ ಭಾಗವಾಗದು. ಎಂಟು ಇಲ್ಲದೆ ಹೋದದ್ದರಿಂದಲೇ ಈ ಸಂಖ್ಯೆಗೆ ಆ ಹೆಸರು ದಕ್ಕಿತು. ಇದನ್ನು ಕಂಡ ದಿನ ನನಗೆ ನಿಜವಾಗಿ ಹರ್ಷವಾಗಿತ್ತು, ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ. ಗೋಡೆಯ ಆ ಕಡೆ ಅಕ್ಕ ಇದ್ದರು, ಅವರಿಗೇ ಹೇಳಿದ್ದೆ.

ಒಂಬತ್ತರ ಮೇಲೆ ನನಗೆ ಮೊದಲಿಂದಲೂ ಒಲವು. ಲೆಡ್ಜರ್ ಕಾಲದಲ್ಲಿ ದಿನದ ಕೊನೆಗೆ ಲೆಕ್ಕ ತಾಳೆಯಾಗದಿದ್ದರೆ ಮೊದಲು ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಿ ನೋಡುತ್ತಿದ್ದೆವು. ಸರಿಯಾಗಿ ಭಾಗವಾದರೆ ಯಾರೋ ಎಲ್ಲೋ ಎರಡು ಅಂಕಿ ಅದಲುಬದಲು ಬರೆದಿರಬೇಕು ಎಂಬ ಅನುಮಾನ. 4,520ನ್ನು 4,250 ಎಂದು ಬರೆದರೆ ವ್ಯತ್ಯಾಸ 270, ಒಂಬತ್ತು ಮೂವತ್ತಲಿ. ಒಂದು ಮಾರ್ಚ್ ಕೊನೆಯ ರಾತ್ರಿ ಹನ್ನೊಂದು ಗಂಟೆಗೆ ನಾನೇ ಮಾಡಿದ್ದ ಅಂಥ ತಪ್ಪು ಹೀಗೆ ಸಿಕ್ಕಿತ್ತು. ಮನೆಗೆ ಬಂದು ಮಲಗಿದಾಗ ಆ ಒಂಬತ್ತಕ್ಕೆ ಮನಸ್ಸಿನಲ್ಲೇ ಕೈಮುಗಿದೆ.

ಅಷ್ಟರಲ್ಲಿ ಪುಟ್ಟಿ ತನ್ನಷ್ಟಕ್ಕೆ ತಾನೇ ಎರಡರಿಂದ ಗುಣಿಸಿದ್ದಳು. 24691358. "ಇದ್ರಲ್ಲಿ ಏಳಿಲ್ಲ ಚಿಕ್ಕಜ್ಜೀ." ಮುಂದೆ ಒಂದು ಸೊನ್ನೆ ಇದೆ ಅಂದುಕೋ, ಆಗ ಒಂಬತ್ತು ಅಂಕಿ, ಎಲ್ಲ ಬೇರೆ ಬೇರೆ, ಒಂದು ಮಾತ್ರ ಇಲ್ಲ ಅಂದೆ. ನಾಲ್ಕರಿಂದ ಗುಣಿಸಿದಳು, 49382716, ಐದು ಇಲ್ಲ. ಐದರಿಂದ 61728395, ನಾಲ್ಕು ಇಲ್ಲ. ಏಳರಿಂದ 86419753, ಎರಡು ಇಲ್ಲ. ಎಂಟರಿಂದ ಗುಣಿಸುವ ಮೊದಲೇ "ಒಂದು ಇರಲ್ಲ!" ಎಂದು ಕೂಗಿದಳು. 98765432. ಗುಣಿಸಿದ ಅಂಕಿ, ಬಿಟ್ಟುಹೋದ ಅಂಕಿ ಎರಡೂ ಸೇರಿದರೆ ಒಂಬತ್ತು ಎಂದು ಅವಳೇ ಕಂಡುಕೊಂಡಳು, ನಾನು ಬಾಯಿ ಬಿಡಲಿಲ್ಲ. ಮೂರಕ್ಕೂ ಆರಕ್ಕೂ ಮಾತ್ರ ಹಾಗಾಗಲಿಲ್ಲ. 37037037, 74074074. ಮೂವತ್ತೇಳು ಅಲ್ಲೂ ಬಂದು ಕೂತಿದೆ.

"ಆದ್ರೂ ಮೊದಲಿಗೆ ಎಂಟನ್ನ ಬಿಟ್ಟವರು ಯಾರು?" ಮಗು ಹಿಡಿದ ಪಟ್ಟು ಬಿಡಲಿಲ್ಲ. ದಶಕದಲ್ಲಿ ಎಂಟು ಸಿಕ್ಕಿತು ನಿಜ, ಸಂಖ್ಯೆಯಲ್ಲಿ ಏಳಾದ ಮೇಲೆ ಒಂಬತ್ತಕ್ಕೆ ಹಾರಿದ್ದೇಕೆ ಎಂಬುದಕ್ಕೆ ಅದು ಪೂರ್ತಿ ಉತ್ತರವಲ್ಲ. ಅವಳು ಕೇಳಿದ್ದು ಸರಿ.

ಒಂದನ್ನು ಎಂಬತ್ತೊಂದರಿಂದ ಭಾಗಿಸು ಅಂದೆ. ಕ್ಯಾಲ್ಕುಲೇಟರಿನಲ್ಲಿ 0.01234567901 ಬಂತು. ಅದೇ ಸಂಖ್ಯೆ, ಮುಂದೊಂದು ಸೊನ್ನೆ ಹಾಕಿಕೊಂಡು ಮತ್ತೆ ಮತ್ತೆ ಸುತ್ತುತ್ತಲೇ ಇರುತ್ತದೆ. ಈಗ ಕೈಯಲ್ಲಿ ಭಾಗಿಸೋಣ ಎಂದು ಗೋಡೆಯ ಇನ್ನೊಂದು ತುಂಡನ್ನು ಒರೆಸಿದೆ.

ನೂರರಲ್ಲಿ ಎಂಬತ್ತೊಂದು ಒಂದು ಸಲ, ಶೇಷ 19. ಸೊನ್ನೆ ಇಳಿಸು, 190ರಲ್ಲಿ ಎರಡು ಸಲ, ಶೇಷ 28. 280ರಲ್ಲಿ ಮೂರು ಸಲ, ಶೇಷ 37. 370ರಲ್ಲಿ ನಾಲ್ಕು ಸಲ, ಶೇಷ 46. ಶೇಷಗಳನ್ನು ಒಂದರ ಕೆಳಗೊಂದು ಬರೆಯುತ್ತ ಹೋದೆವು: 19, 28, 37, 46. ಪುಟ್ಟಿ ನಿಲ್ಲಿಸಿದಳು. "ಒಂಬತ್ತೊಂಬತ್ತು ಜಾಸ್ತಿ ಆಗ್ತಾ ಇದೆ." ಹೌದು. ಮುಂದಿನದು 55, ಆಮೇಲೆ 64, ಆಮೇಲೆ 73. ಪ್ರತಿಯೊಂದರ ಅಂಕಿ ಕೂಡಿದರೂ ಹತ್ತೇ. ಇಲ್ಲಿಗೆ ಭಾಗಲಬ್ಧದಲ್ಲಿ ಒಂದರಿಂದ ಏಳರವರೆಗೆ ಬಂದಾಯಿತು.

"ಈಗ 730. ನೀನೇ ಮಾಡು. ಎಂಟು ಸಲ ಹಾಕು."

ಎಂಬತ್ತೊಂದೆಂಟ್ಲ 648. 730ರಲ್ಲಿ ಕಳೆದಳು. 82.

ಎಪ್ಪತ್ಮೂರಕ್ಕೆ ಒಂಬತ್ತು ಸೇರಿದರೆ ಎಂಬತ್ತೆರಡೇ, ಸಾಲು ತಪ್ಪಿಲ್ಲ. ಅವಳು ಎಂಬತ್ತೆರಡನ್ನು ಬರೆದು ಹಾಗೇ ನೋಡುತ್ತ ನಿಂತಳು. ನಾನೂ ಸುಮ್ಮನಿದ್ದೆ, ಅಕ್ಕನೂ ಸುಮ್ಮನಿದ್ದರು.

"ಅಯ್ಯೋ, ಶೇಷ ಎಂಬತ್ತೊಂದಕ್ಕಿಂತ ದೊಡ್ಡದಾಯ್ತು. ಇನ್ನೊಂದು ಸಲ ಹೋಗುತ್ತೆ!"

ಹೋಯಿತು. ಎಂಟು ಸಲದ ಜಾಗದಲ್ಲಿ ಒಂಬತ್ತು ಸಲ, ಶೇಷ 1. ಒಂದಕ್ಕೆ ಸೊನ್ನೆ ಇಳಿಸಿದರೆ ಹತ್ತು, ಅದರಲ್ಲಿ ಎಂಬತ್ತೊಂದು ಹೋಗದು, ಭಾಗಲಬ್ಧದಲ್ಲಿ ಸೊನ್ನೆ. ಮತ್ತೆ ಸೊನ್ನೆ, ಮತ್ತೆ ನೂರು, ಮತ್ತೆ ಮೊದಲಿನಿಂದ. ಎಂಟು ಬಂದೇ ಇತ್ತು, ತನ್ನ ಸರದಿಗೆ ಸರಿಯಾಗಿ. ಶೇಷ ಒಂದೇ ಒಂದು ಹೆಚ್ಚಾದ್ದರಿಂದ ಅದು ಒಂಬತ್ತಾಯಿತು. ಎಂಬತ್ತೊಂದರಲ್ಲಿ ಮೂರು ಅಡಗಿರುವುದರಿಂದಲೇ ಮೂರು, ಆರರಿಂದ ಗುಣಿಸಿದಾಗ ಆಟ ಬೇರೆಯಾದದ್ದೂ: ಎಂಬತ್ತೊಂದರಲ್ಲಿ ಮೂರು ಪಾಲು ಅಂದರೆ ಇಪ್ಪತ್ತೇಳರಲ್ಲಿ ಒಂದು ಪಾಲು, ಅದು ಮೂರೇ ಅಂಕಿಗೆ ಸುತ್ತು ಮುಗಿಸುತ್ತದೆ.

ಕತ್ತಲಾಗುತ್ತ ಬಂತು. ಅಕ್ಕ ಬಾಗಿಲ ದೀಪ ಹಾಕಿ ಬಂದರು. ಪುಟ್ಟಿ ಇನ್ನೂ ಇದ್ದಿಲು ಬಿಟ್ಟಿರಲಿಲ್ಲ. ಒಂಬತ್ತೊಂಬತ್ಲ ಎಂಬತ್ತೊಂದರ ಬದಲು ತೊಂಬತ್ತೊಂಬತ್ತನ್ನು ತೊಂಬತ್ತೊಂಬತ್ತರಿಂದ ಗುಣಿಸಿದರೆ ಏನಾಗುತ್ತದೆ ಎಂದು ಕೇಳಿದಳು. 9801. ಒಂದನ್ನು ಅದರಿಂದ ಭಾಗಿಸು ಅಂದೆ. ಒತ್ತಿದಳು. ಸೊನ್ನೆ ಒಂದು, ಸೊನ್ನೆ ಎರಡು, ಸೊನ್ನೆ ಮೂರು, ಸೊನ್ನೆ ನಾಲ್ಕು, ಅಲ್ಲಿಗೆ ಕ್ಯಾಲ್ಕುಲೇಟರಿನಲ್ಲಿ ಜಾಗ ಮುಗಿಯಿತು. ಈ ಸಲ ಎರಡೆರಡು ಅಂಕಿಯ ಜೋಡಿ.

"ಹಂಗಾದ್ರೆ ಇದ್ರಲ್ಲಿ ತೊಂಬತ್ತೆಂಟು ಇರಲ್ವಾ?"

ಇರುವುದಿಲ್ಲ. ತೊಂಬತ್ತೇಳಾದ ಮೇಲೆ ನೇರವಾಗಿ ತೊಂಬತ್ತೊಂಬತ್ತು. ಅವಳು ನಂಬಿದಳೋ ಇಲ್ಲವೋ, ನೋಟ್‌ಬುಕ್ ತರಲು ಒಳಗೆ ಓಡಿದಳು. ಅಕ್ಕ ನಾರನ್ನು ಹಲ್ಲಿನಿಂದ ಕಡಿದು, ಎರಡು ಕನಕಾಂಬರ ನಾಲ್ಕು ಮರುಗದ ಆ ಮಾಲೆಯಲ್ಲಿ ಒಂದು ಮೊಳ ನನಗೆ ಗೋಡೆಯ ಮೇಲಿಂದ ಕೊಟ್ಟರು. ನಾನು ದೇವರ ಮನೆಯ ದೀಪ ಹಚ್ಚಿ ಹೂ ಏರಿಸುವಾಗ ಆ ಕಡೆಯ ಕಿಟಕಿಯಿಂದ ಕೂಗು ಬಂತು:

"ಚಿಕ್ಕಜ್ಜೀ, ಶೇಷ 199, 298, 397! ತೊಂಬತ್ತೊಂಬತ್ತು ಜಾಸ್ತಿ ಆಗ್ತಾ ಇದೆ!"